ಗಬ್ಬರ್ ಸರ್ ಹತ್ರ ಡೌಟ್ ಕೇಳೋರು ಯಾರು?

ಇಬ್ಬರ ನಡುವೆ ತಂದಿಡೋನು ಶಕುನಿ, ಹುಡುಗೀರ ಹಿಂದೆ ಬೀಳೋನು ಕೀಚಕ, ಇಂಟರ್ನಲ್ಸ್‌ನಲ್ಲಿ ಅರ್ಧ ಮಾರ್ಕೂ ಬಿಡದ ಲೆಕ್ಚರರ್ ಗಬ್ಬರ್. ಖಳರ ಹೆಸರಿನ ಈ ನಾಮಕರಣ ಇಲ್ಲದ ಹಾಸ್ಟೆಲ್ ಇಲ್ಲ.

ಇವರಲ್ಲಿ ಗಬ್ಬರ್ ನಮ್ಮ ಪಕ್ಕದೂರಿನವನೇ ಅನ್ನಿ. 1975ರ 'ಶೋಲೆ' ಚಿತ್ರೀಕರಣ ಆಗಿದ್ದು ರಾಮನಗರದ ಬಂಡೆಗಳ ನಡುವೆ. ಅಳುವ ಮಕ್ಕಳನ್ನು ತಾಯಂದಿರು ತನ್ನ ಹೆಸರು ಹೇಳಿ ಮಲಗಿಸ್ತಾರೆ ಅಂತ ಅವನು ಸಿನಿಮಾದಲ್ಲೇ ಜಂಭ ಕೊಚ್ಚಿಕೊಳ್ತಾನೆ. ತೆರೆಯ ಹೊರಗೂ ಅದು ನಿಜವಾಯ್ತು. ಅಮ್ಜದ್ ಖಾನ್ ಮಾಡಿದ ಆ ಪಾತ್ರದ ಹೆಸರು ಈಗ ಹೆದರಿಕೆಗೆ ಇನ್ನೊಂದು ಪದ.

ಒಂದೇ ಪದದಲ್ಲಿ ಇಡೀ ಮನುಷ್ಯನನ್ನ ಹೇಳಿಬಿಡೋದು ಮಜಾನೇ. ತೊಂದರೇನೂ ಅದೇ. ಮೂರನೇ ಸೆಮ್ ಪೂರ್ತಿ ನಾನು ನಮ್ಮ 'ಗಬ್ಬರ್' ಸರ್ ಹತ್ರ ಒಂದು ಡೌಟೂ ಕೇಳಲಿಲ್ಲ. ಬ್ಯಾಕ್ ಉಳಿದ ಮೇಲೆ ಹೆದರ್ತಾನೇ ಹೋದೆ. ಊಟದ ಹೊತ್ತು ಮೀರಿದ್ರೂ ಕೂರಿಸಿಕೊಂಡು ಹೇಳಿಕೊಟ್ರು. ಆ ಹೆಸರು ನನಗೆ ಸೀನಿಯರ್ಸ್‌ನಿಂದ ಬಂದದ್ದು. ಅವರ ಮೊದಲ ಕ್ಲಾಸಿಗೆ ಕೂರೋ ಮುಂಚೆಯೇ ನನ್ನ ತೀರ್ಪು ಆಗಿಹೋಗಿತ್ತು.

ಜೂನಿಯರ್ಸ್‌ಗೆ ನೋಟ್ಸ್ ಕೊಡೋಣ, ಡ್ರಾಫ್ಟರ್ ಕೊಡೋಣ. ಈ ಹೆಸರು ಮಾತ್ರ ನಮ್ಮಲ್ಲೇ ಉಳೀಲಿ.