ಬಂಡೆಗುಂಡಿಯನ್ನು ಗಾಜಿನಲ್ಲಿ ತುಂಬಿಟ್ಟವನಿಗೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂದಿತು. ಅವನಿಗೀಗ ಐವತ್ತರ ಆಸುಪಾಸು. ದೊಡ್ಡ ಹುದ್ದೆಯ ಇಂಜಿನಿಯರು. ಆದರೂ "ಸರ್" ಎನ್ನುವಾಗ ಒಂಬತ್ತನೆಯ ತರಗತಿಯ ಹುಡುಗನ ದನಿಯೇ. ಫೋನಿನ ಕ್ಯಾಮೆರಾವನ್ನು ತಿರುಗಿಸಿ, ಹಜಾರದಲ್ಲಿಟ್ಟ ಗಾಜಿನ ತೊಟ್ಟಿಯೊಂದನ್ನು ತೋರಿಸಿದ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಒಳಗೆ ಕುಮಟೆಯ ವನ್ನಳ್ಳಿಯ ಕಪ್ಪು ಕಲ್ಲುಗಳು. ಅವುಗಳ ಮೇಲೆ ನೀಲಿಕಲ್ಲಿನ ಒಂದು ಗೊಂಚಲು, ಟೋಪಿಯಂಥ ಚಿಪ್ಪಿನ ಲಿಂಪೆಟ್‌ಗಳು, ಎರಡು ಕಡಲಹೂವು, ಶಂಖವನ್ನು ಹೊತ್ತು ತಿರುಗುವ ನಾಲ್ಕೈದು ಹರ್ಮಿಟ್ ಏಡಿಗಳು. ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ಬಂದಾಗ ಐಸ್‌ಪೆಟ್ಟಿಗೆಯಲ್ಲಿ ತುಂಬಿಕೊಂಡು, ರಾತ್ರಿಯಿಡೀ ಕಾರು ಓಡಿಸಿ ತಂದನಂತೆ. ಜೊತೆಗೆ ಅಂಗಡಿಯಿಂದ ಕೊಂಡ ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳು, ಒಂದು ಹವಳದ ತುಂಡು.

"ಸರ್, ನಮ್ಮೂರಿನ ಬಂಡೆಗುಂಡಿಯನ್ನೇ ಮನೆಗೆ ತಂದುಬಿಟ್ಟೆ. ಎಲ್ಲ ನೀವು ಕಲಿಸಿದ್ದು!" ಎಂದ.

ನಾನು ಏನೂ ಹೇಳಲಿಲ್ಲ. ಮೇಷ್ಟ್ರಿಗೆ ಸಂತೋಷದಿಂದ ಗಂಟಲು ಕಟ್ಟಿತೆಂದು ಅವನು ಭಾವಿಸಿರಬೇಕು. ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನು ಇದನ್ನು ಓದುತ್ತಾನೆಂದು ಬಲ್ಲೆ. ಅವನ ಸಹಪಾಠಿಗಳೂ ನನ್ನ ಬಂಧುಗಳೂ ಓದುತ್ತಾರೆ. ಆದ್ದರಿಂದ ಹೆಸರು ಹೇಳುವುದಿಲ್ಲ.

"ನೀವು ಕಲಿಸಿದ್ದು" ಎಂಬ ಆ ಮಾತು ನಿಜ. ಅದೇ ನನ್ನನ್ನು ಚುಚ್ಚಿದ್ದು. 1989ರಲ್ಲಿ ನಮ್ಮ ಶಾಲೆಯಿಂದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಏನಾದರೂ ಹೊಸದನ್ನು ಒಯ್ಯಬೇಕೆಂದು ನಾನು ಹಟ ತೊಟ್ಟಿದ್ದೆ. ಬಿ.ಎಡ್. ಮುಗಿಸಿ ಕೆಲವೇ ವರ್ಷಗಳಾಗಿದ್ದವು. ಮೂರ್ತದಿಂದ ಅಮೂರ್ತಕ್ಕೆ, ತಿಳಿದುದರಿಂದ ತಿಳಿಯದುದರ ಕಡೆಗೆ ಎಂಬ ಬೋಧನಾ ಸೂತ್ರಗಳು ತಲೆಯಲ್ಲಿ ಇನ್ನೂ ಬಿಸಿಯಾಗಿದ್ದವು. ಶುಕ್ರವಾರ ಇಳಿತದ ಹೊತ್ತಿಗೆ ಹನ್ನೆರಡು ಹುಡುಗರನ್ನು ಕಟ್ಟಿಕೊಂಡು ಬಂಡೆಗಳ ಮೇಲೆ ಹೋದೆ. ಎರಡು ಗಂಟೆಯೊಳಗೆ ನಾಲ್ಕು ಬಕೆಟ್ ತುಂಬಿದವು. ಶಾಲೆಯ ಗಾಜಿನ ತೊಟ್ಟಿಗೆ ಕಡಲ ನೀರನ್ನೇ ಹೊಯ್ದು, ಕಲ್ಲುಗಳನ್ನು ಜೋಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿದೆವು. ಶನಿವಾರ ನೋಡಲು ಬಂದವರ ಸಾಲು ಹೊರಗಿನವರೆಗೂ ಇತ್ತು. ನಮಗೆ ಮೊದಲ ಬಹುಮಾನ ಬಂತು.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ನಾತ. ನೀರು ಹಾಲಿನಂತೆ ಬೆಳ್ಳಗಾಗಿತ್ತು. ನಕ್ಷತ್ರಮೀನು ಕರಗಿ ಲೋಳೆಯಾಗಿತ್ತು. ಹರ್ಮಿಟ್ ಏಡಿಗಳು ಶಂಖಗಳಿಂದ ಅರ್ಧ ಹೊರಗೆ ಬಂದು ಸತ್ತಿದ್ದವು. ಭಾನುವಾರವಿಡೀ ಕರೆಂಟು ಇರಲಿಲ್ಲ, ಗಾಳಿ ಹಾಯಿಸುವ ಪಂಪು ನಿಂತಿತ್ತು. ಆದರೆ ದೂರಬೇಕಾದದ್ದು ವಿದ್ಯುತ್ ಇಲಾಖೆಯನ್ನಲ್ಲ. ಬೆಚ್ಚಗಿನ ಉಪ್ಪುನೀರು ಆಮ್ಲಜನಕವನ್ನು ಬಹಳ ಕಡಿಮೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ವಿಜ್ಞಾನ ಕಲಿಸುವ ನನಗೆ ತಿಳಿದಿರಬೇಕಿತ್ತು. ನೀಲಿಕಲ್ಲು ಒಂದು ಸತ್ತರೆ ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ, ಆ ಅಮೋನಿಯಾ ಎರಡನೆಯದನ್ನು ಕೊಲ್ಲುತ್ತದೆ ಎಂಬುದೂ ತಿಳಿದಿರಬೇಕಿತ್ತು. ಆ ತೊಟ್ಟಿಯನ್ನು ಹಿತ್ತಿಲಿಗೆ ಒಯ್ದು ಸುರಿದ ಹುಡುಗರಲ್ಲಿ ಈಗ ಕರೆ ಮಾಡಿದವನೂ ಒಬ್ಬ. ಅಂದು ನಾನು ಅವರಿಗೆ ಏನು ಹೇಳಿದೆ ಗೊತ್ತೇ? "ಪರವಾಗಿಲ್ಲ, ಬಹುಮಾನ ಬಂತಲ್ಲ" ಎಂದೆ. ಆ ಪ್ರಶಸ್ತಿಪತ್ರ ಇಂದಿಗೂ ನನ್ನ ಟ್ರಂಕಿನಲ್ಲಿದೆ.

ಆದುದರಿಂದ ಈಗ ನಾನು ಆಡುವುದು ಶುದ್ಧಹಸ್ತನ ಮಾತಲ್ಲ.

ಅವನ ತೊಟ್ಟಿ ನಮ್ಮ ತೊಟ್ಟಿಯಂತಲ್ಲ, ಒಪ್ಪುತ್ತೇನೆ. ಶೋಧಕವಿದೆ, ನೀರು ತಂಪಾಗಿಸುವ ಯಂತ್ರವಿದೆ, ಕರೆಂಟು ಹೋದರೆ ಯುಪಿಎಸ್ ಇದೆ. ಶುದ್ಧೀಕರಿಸಿದ ನೀರಿಗೆ ಪೊಟ್ಟಣದ ಸಮುದ್ರ ಉಪ್ಪನ್ನು ಲೆಕ್ಕ ಹಾಕಿ ಬೆರೆಸಿದ್ದಾನೆ. 250 ಲೀಟರಿಗೆ, ಲೀಟರಿಗೆ 35 ಗ್ರಾಮಿನಂತೆ, ಸುಮಾರು ಒಂಬತ್ತು ಕಿಲೋ. ಜೀವಿಗಳು ಎರಡು ದಿನದಲ್ಲಿ ಸಾಯಲಾರವು. ಆದರೆ ಅದನ್ನು ಬಂಡೆಗುಂಡಿ ಎಂದು ಕರೆಯುವುದಕ್ಕೆ ನನ್ನ ಬಲವಾದ ಆಕ್ಷೇಪವಿದೆ.

ಬಂಡೆಗುಂಡಿ ಎಂದರೆ ಕಲ್ಲು, ನೀರು, ಏಡಿ ಇವಿಷ್ಟೇ ಅಲ್ಲ. ಭರತ ಮತ್ತು ಇಳಿತ ಕೂಡಿ ಮಾಡಿದ್ದು ಅದು. ಇಪ್ಪತ್ತನಾಲ್ಕು ಗಂಟೆ ಐವತ್ತು ನಿಮಿಷಗಳಲ್ಲಿ ಎರಡು ಬಾರಿ ಕಡಲು ಅದರ ಮೇಲೆ ಹರಿದು ಬರುತ್ತದೆ, ಎರಡು ಬಾರಿ ಅದನ್ನು ಬಿಟ್ಟು ಹೋಗುತ್ತದೆ. ಬಿಟ್ಟು ಹೋದಾಗ ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಆ ನೀರಿಗೆ ಕೈಯಿಟ್ಟು ನೋಡಿ, ಮೀಯುವ ಬಿಸಿನೀರಿನಂತಿರುತ್ತದೆ. ನೀರು ಆವಿಯಾಗಿ ಉಪ್ಪು ಏರುತ್ತದೆ. ಅದೇ ಗುಂಡಿಗೆ ಜೂನ್ ತಿಂಗಳ ಮಳೆ ಒಂದು ಗಂಟೆ ಹೊಡೆದರೆ ಮೇಲಿನ ನೀರು ಸಪ್ಪೆಯಾಗುತ್ತದೆ. ಹಗಲು ಪಾಚಿ ಆಮ್ಲಜನಕವನ್ನು ತುಂಬುತ್ತದೆ. ರಾತ್ರಿ ಎಲ್ಲವೂ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ಹೆಚ್ಚಿ ನೀರು ಆಮ್ಲದ ಕಡೆಗೆ ವಾಲುತ್ತದೆ. ಆಗ ಮತ್ತೆ ಭರತ ಬರುತ್ತದೆ, ಎಲ್ಲವನ್ನೂ ತೊಳೆದು ಹೊಸದು ಮಾಡುತ್ತದೆ. ಅಲ್ಲಿ ಬದುಕುವ ಪ್ರತಿಯೊಂದು ಜೀವಿಯೂ ಈ ಏರುಪೇರಿಗೆ ಒಗ್ಗಿ ಬಂದದ್ದು. ಬಾರ್ನಕಲ್ ಬಾಗಿಲು ಮುಚ್ಚಿಕೊಳ್ಳುತ್ತದೆ. ಕಡಲಹೂವು ತನ್ನನ್ನು ತಾನೇ ಒಳಗೆ ಎಳೆದುಕೊಂಡು ಲೋಳೆಯ ಗುಂಡಿಯಂತಾಗುತ್ತದೆ. ಕೆಲವು ಜಾತಿಯ ಲಿಂಪೆಟ್‌ಗಳು ಮೇಯಲು ಹೊರಟು, ತಮ್ಮ ಚಿಪ್ಪಿನ ಅಂಚಿಗೆ ಸರಿಯಾಗಿ ಸವೆದ ಅದೇ ಜಾಗಕ್ಕೆ ಮರಳುತ್ತವೆ. ಚಾಕುವಿನಿಂದ ಎಬ್ಬಿಸಿ ಬೇರೆ ಕಲ್ಲಿಗೆ ಹಚ್ಚಿದರೆ ಅದು ಅದರ ಮನೆಯಾಗುವುದಿಲ್ಲ.

ಗಾಜಿನ ತೊಟ್ಟಿಯ ಶಾಸ್ತ್ರ ಇದಕ್ಕೆ ನೇರ ವಿರುದ್ಧ. ಉಷ್ಣತೆ ಅಲುಗಬಾರದು, ಉಪ್ಪು ಅಲುಗಬಾರದು, ನೀರಿನ ಮಟ್ಟ ಅಲುಗಬಾರದು. ಅದರ ಯಂತ್ರಗಳೆಲ್ಲ ಇರುವುದು ಏರುಪೇರನ್ನು ತಡೆಯುವುದಕ್ಕೆ. ಏರುಪೇರನ್ನೇ ತೆಗೆದ ಮೇಲೆ ಉಳಿದದ್ದಕ್ಕೆ ಬಂಡೆಗುಂಡಿ ಎನ್ನುವುದು, ಗಾಳಿಯಿಲ್ಲದ ಕೋಣೆಯಲ್ಲಿ ಗಾಳಿಪಟವನ್ನು ಗೋಡೆಗೆ ಅಂಟಿಸಿ ಹಾರುತ್ತಿದೆ ಎಂದಂತೆ. ತೀರದ ಏಡಿಗಳನ್ನು ಪ್ರಯೋಗಾಲಯದಲ್ಲಿ ಭರತವೂ ಇಳಿತವೂ ಇಲ್ಲದ ನಿಶ್ಚಲ ನೀರಿನಲ್ಲಿಟ್ಟರೂ, ಕೆಲವು ದಿನಗಳವರೆಗೆ ಅವು ಭರತದ ಹೊತ್ತಿಗೆ ಸರಿಯಾಗಿ ಚುರುಕಾಗುತ್ತವೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅವನ ಹಜಾರದ ಏಡಿಗಳೂ ಮೊದಲ ವಾರ ಹಾಗೆ ಕಾದಿದ್ದಿರಬಹುದು.

ಈ ಹುಚ್ಚು ಹೊಸದೂ ಅಲ್ಲ. ಇಂಗ್ಲೆಂಡಿನಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿ 1854ರಲ್ಲಿ ಅಕ್ವೇರಿಯಂ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಡೆವನ್ ತೀರದ ಬಂಡೆಗುಂಡಿಗಳನ್ನು ಅವರಷ್ಟು ಪ್ರೀತಿಯಿಂದ ಕಂಡವರು ವಿರಳ. ಪುಸ್ತಕ ಓದಿದ ಜನ ಬುಟ್ಟಿ, ಉಳಿ, ಜಾಡಿ ಹಿಡಿದು ತೀರಕ್ಕೆ ಮುಗಿಬಿದ್ದರು. ಮನೆಮನೆಯಲ್ಲೂ ಗಾಜಿನ ತೊಟ್ಟಿ. ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ, ತಾನು ಬಾಲ್ಯದಲ್ಲಿ ಕಂಡ ಆ ಗುಂಡಿಗಳು ಸಂಗ್ರಾಹಕರ ದಾಳಿಗೆ ಸಿಕ್ಕಿ ಹಾಳಾದುದನ್ನೂ, ಅದಕ್ಕೆ ತಂದೆಯ ಪುಸ್ತಕಗಳೇ ದಾರಿ ಮಾಡಿಕೊಟ್ಟದ್ದನ್ನೂ, ಅದರಿಂದ ತಂದೆ ಪಟ್ಟ ನೋವನ್ನೂ ದಾಖಲಿಸಿದ್ದಾರೆ. ತಾನು ಪ್ರೀತಿಸಿದ್ದನ್ನು ತನ್ನ ಪಾಠವೇ ನಾಶ ಮಾಡಿತೆಂಬ ಅರಿವು ಒಬ್ಬ ಗುರುವಿಗೆ ಎಂಥದೆಂದು ನಾನು ಊಹಿಸಬಲ್ಲೆ.

"ನಾಲ್ಕು ಏಡಿ ತಂದರೆ ಅರಬ್ಬೀ ಸಮುದ್ರ ಬರಿದಾಗುತ್ತದೆಯೇ? ಮೀನುಗಾರರು ಟನ್ನುಗಟ್ಟಲೆ ಹಿಡಿಯುವುದಿಲ್ಲವೇ?" ಎಂದು ಅಂದು ಅವನ ಹೆಂಡತಿ ಪಕ್ಕದಿಂದ ಕೇಳಿದಳು, ನಗುತ್ತಲೇ. ಸಮುದ್ರ ಬರಿದಾಗುವುದಿಲ್ಲ ಮಗಳೇ, ಆದರೆ ಆ ಗುಂಡಿ ಬರಿದಾಗುತ್ತದೆ. ಅದು ನಿಮ್ಮ ಸ್ನಾನದ ತೊಟ್ಟಿಗಿಂತ ದೊಡ್ಡದಲ್ಲ. ಎರಡು ಕಡಲಹೂವು ಕಿತ್ತರೆ ಅಲ್ಲಿದ್ದ ಎರಡೂ ಹೋದವು. ಇನ್ನು ಮೀನುಗಾರನ ಬಲೆಯ ಮೇಲೆ ಒಂದು ಮನೆಯ ಊಟವಿದೆ. ಹೊಟ್ಟೆಪಾಡಿಗೂ ಷೋಕಿಗೂ ಒಂದೇ ತಕ್ಕಡಿಯೇ?

ಅಂಗಡಿಯ ಸರಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ಕ್ಲೌನ್ ಮೀನು ಹವಳದಿಬ್ಬಗಳದ್ದು. ವನ್ನಳ್ಳಿಯ ಗುಂಡಿಯಲ್ಲಿ ಅದಕ್ಕೇನು ಕೆಲಸ? ಸಿನಿಮಾದಲ್ಲಿ ಕಂಡಿತೆಂದು ಮಗಳು ಹಟ ಹಿಡಿದಳಂತೆ. ಇರಲಿ, ಅದನ್ನಾದರೂ ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆಯನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಆದರೆ ಮಾರಾಟದ ಕಡಲಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಕಡಲಿನಿಂದಲೇ ಹಿಡಿದವು. ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳಲ್ಲಿ ಸಯನೈಡ್ ಚಿಮುಕಿಸಿ ಮಂಪರು ಹಿಡಿಸಿ ಹಿಡಿದದ್ದೂ ಉಂಟು. ಹವಳದ ತುಂಡಂತೂ ನೇರ ಅಪರಾಧ. 1972ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿಯೇ ಕಲ್ಲುಹವಳಗಳು, ಕಡಲಕುದುರೆಗಳು, ಕಡಲಸೌತೆಗಳು ಸೇರಿದವು. ಹುಲಿಗೆ ಕೊಟ್ಟ ರಕ್ಷಣೆಯನ್ನೇ ಕಾನೂನು ಅವಕ್ಕೂ ಕೊಟ್ಟಿದೆ. ಹಜಾರದಲ್ಲಿ ಹುಲಿಯ ಉಗುರನ್ನು ಇಟ್ಟುಕೊಂಡು ಅತಿಥಿಗಳಿಗೆ ತೋರಿಸುವೆಯಾ?

"ಮಕ್ಕಳು ನೋಡಿ ಕಲಿಯುತ್ತಾರೆ" ಎಂಬ ವಾದ ನನ್ನದೇ ಹಳೆಯ ವಾದ. ಆದ್ದರಿಂದ ಅದರ ಟೊಳ್ಳು ನನಗೆ ಗೊತ್ತು. ಏನು ಕಲಿಯುತ್ತಾರೆ? ಕಡಲು ಹಜಾರಕ್ಕೆ ಬರುತ್ತದೆ, ನಾವು ಅಲ್ಲಿಗೆ ಹೋಗಬೇಕಾಗಿಲ್ಲ ಎಂದು. ಇಷ್ಟವಾದುದನ್ನು ಕಿತ್ತು ತರಬಹುದು ಎಂದು. ನನ್ನ ಹನ್ನೆರಡು ಹುಡುಗರು 1989ರಲ್ಲಿ ಕಲಿತದ್ದು ಇದನ್ನೇ ಎಂಬುದಕ್ಕೆ ಸಾಕ್ಷಿ ಮೊನ್ನೆ ಫೋನಿನಲ್ಲಿ ಕಾಣಿಸಿತು.

ಇಷ್ಟಾದರೂ ತೊಟ್ಟಿ ಬೇಕೇ ಬೇಕು ಎನ್ನುವವನಿಗೆ ನನ್ನದೊಂದು ಸವಾಲು. ನೀನು ಇಂಜಿನಿಯರಲ್ಲವೇ? ಕೆಳಗೊಂದು ತೊಟ್ಟಿ ಇಡು, ನಡುವೆ ಪಂಪು, ಅದಕ್ಕೊಂದು ಟೈಮರು. ಆರು ಗಂಟೆ ನೀರು ಇಳಿಯಲಿ, ಆರು ಗಂಟೆ ಏರಲಿ, ದಿನಕ್ಕೆ ಐವತ್ತು ನಿಮಿಷ ತಡವಾಗುತ್ತ ಹೋಗಲಿ. ಕಲ್ಲುಗಳು ಬರಿದಾಗಿ ಒಣಗಲಿ, ಮತ್ತೆ ನೆನೆಯಲಿ. ಜೀವಿ ಒಂದನ್ನೂ ಹಾಕಬೇಡ. ಮೊದಲ ಆರು ವಾರ ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗುವುದನ್ನು ಪರೀಕ್ಷಾ ದ್ರಾವಣದಿಂದ ಅಳೆದು ಮಗಳ ಕೈಯಲ್ಲಿ ಬರೆಯಿಸು. ಒಣಗಿದ ಕಲ್ಲಿನ ಮೇಲೆ ತಾನಾಗಿ ಬರುವ ಪಾಚಿಯ ಪಟ್ಟಿ ಎಲ್ಲಿಯವರೆಗೆ ಹಸಿರು, ಎಲ್ಲಿಂದ ಕಂದು ಎಂದು ನೋಡಲಿ. ನೋಡಲು ಚೆನ್ನಾಗಿರುವುದಿಲ್ಲ, ನೆಂಟರು ಹೊಗಳುವುದೂ ಇಲ್ಲ. ಬಂಡೆಗುಂಡಿಯ ಹೆಸರಿಗೆ ಸ್ವಲ್ಪವಾದರೂ ಹತ್ತಿರವಾಗುವುದು ಅದೇ.

ಈಗ ತೊಟ್ಟಿಯಲ್ಲಿರುವುದರ ಮಾತು. ಇದನ್ನು ಓದಿ ನೊಂದುಕೊಂಡು, ಎಲ್ಲವನ್ನೂ ಮತ್ತೆ ಐಸ್‌ಪೆಟ್ಟಿಗೆಯಲ್ಲಿ ತುಂಬಿ ವನ್ನಳ್ಳಿಗೆ ತಂದು ಬಿಡಲು ಹೊರಡಬೇಡ. ಅಂಗಡಿಯ ಮೀನಿನೊಡನೆ ಇದ್ದ ನೀರು ಅದು. ಯಾವ ರೋಗಾಣು ಎಲ್ಲಿಂದ ಬಂದು ಸೇರಿದೆಯೋ ಯಾರು ಬಲ್ಲರು? ತಂದವನು ನೀನು, ಅವು ಇರುವಷ್ಟು ದಿನ ಸಾಕುವವನೂ ನೀನೇ. ಏಡಿಗಳಿಗೆ ಈಗಿರುವುದಕ್ಕಿಂತ ಸ್ವಲ್ಪ ದೊಡ್ಡ ಖಾಲಿ ಶಂಖಗಳು ಬೇಕಾಗುತ್ತವೆ. ಬೆಳೆದ ಹಾಗೆ ಅವು ಮನೆ ಬದಲಾಯಿಸುತ್ತವೆ. ಅವನ್ನು ತೀರದಿಂದ ಆಯಬೇಡ, ಅಲ್ಲಿನ ಏಡಿಗಳಿಗೂ ಬೇಕು. ನಿಮ್ಮ ಅತ್ತೆಯ ಮನೆಯ ಷೋಕೇಸಿನಲ್ಲಿ ಒಂದು ಬುಟ್ಟಿ ಇರುವುದನ್ನು ನಾನು ಕಂಡಿದ್ದೇನೆ. ನೀರು ಆವಿಯಾಗಿ ಕಡಿಮೆಯಾದಾಗ ಉಪ್ಪುನೀರು ಹಾಕಬೇಡ, ಶುದ್ಧವಾದ ಸಿಹಿನೀರನ್ನೇ ಹಾಕು. ಉಪ್ಪು ಆವಿಯಾಗುವುದಿಲ್ಲ. ಇದನ್ನು ಎಂಟನೆಯ ತರಗತಿಯಲ್ಲಿ ಹೇಳಿಕೊಟ್ಟಿದ್ದೆ.

ಮುಂದಿನ ರಜೆಯಲ್ಲಿ ಮಗಳನ್ನು ಕರೆದುಕೊಂಡು ಬಾ. ಅಮಾವಾಸ್ಯೆ ಕಳೆದು ಒಂದೆರಡು ದಿನಗಳಲ್ಲಿ ಇಳಿತ ಚೆನ್ನಾಗಿರುತ್ತದೆ. ಕಾರವಾರ ಬಂದರಿನ ಪಟ್ಟಿ ನೋಡಿ ಹೊತ್ತನ್ನು ತಿಳಿಸುತ್ತೇನೆ. ಬಕೆಟ್ ಬೇಡ. ಮೊಣಕಾಲು ನೋವಿನಿಂದ ಬಂಡೆಯ ತುದಿಯವರೆಗೆ ಬರಲು ನನಗೀಗ ಆಗುವುದಿಲ್ಲ. ಒಂದು ಕೈಯನ್ನು ನೀನು ಹಿಡಿದುಕೊಳ್ಳಬೇಕಾಗುತ್ತದೆ.