ಬೀಗದ ಕೈ ಯಾರ ಕೈಯಲ್ಲಿ?

ದುಡಿಯುವವನಿಗೆ ಗುಪ್ತಲಿಪಿಯ ವಿದ್ಯೆ ಏಕೆ, ಗಣಕಯಂತ್ರದ ಶಾಸ್ತ್ರ ಏಕೆ ಎಂದು ಕೇಳುವ ಮಹನೀಯರು ನಮ್ಮಲ್ಲೂ ಇದ್ದಾರೆ, ಇಂಗ್ಲೆಂಡಿನಲ್ಲೂ ಇದ್ದಾರೆ. ವಯಸ್ಕರಿಗಾಗಿ ವಿಶ್ವವಿದ್ಯಾನಿಲಯದ ಬಾಗಿಲನ್ನು ಸಂಜೆ ಹೊತ್ತು ತೆರೆದಿಡುವುದು ದುಂದುವೆಚ್ಚವಂತೆ! ಇವರಿಗೆ ಇಂಗ್ಲೆಂಡಿನ ಚರಿತ್ರೆಯಿಂದಲೇ ಉತ್ತರ ಕೊಡುತ್ತೇವೆ.

ಟಾಮಿ ಫ್ಲವರ್ಸ್ 1905ರಲ್ಲಿ ಪೂರ್ವ ಲಂಡನ್ನಿನಲ್ಲಿ ಹುಟ್ಟಿದ. ತಂದೆ ಇಟ್ಟಿಗೆ ಕಟ್ಟುವ ಗಾರೆಯವ. ಮಗ ಹಗಲು ವೂಲಿಚ್‌ನ ಆಯುಧ ಕಾರ್ಖಾನೆಯಲ್ಲಿ ಕೆಲಸ ಕಲಿತ. ಸಂಜೆ ಲಂಡನ್ ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಕೂತು ವಿದ್ಯುತ್ ಇಂಜಿನಿಯರಿಂಗ್ ಓದಿದ. ಅಂಚೆ ಇಲಾಖೆಯ ಟೆಲಿಫೋನ್ ವಿಭಾಗ ಸೇರಿದ. ಯುದ್ಧ ಬಂತು. ಹಿಟ್ಲರನ ಸೇನಾಧಿಪತಿಗಳು ಲೊರೆಂಝ್ ಯಂತ್ರದಲ್ಲಿ ಕಳಿಸುತ್ತಿದ್ದ ಗುಪ್ತ ಸಂದೇಶಗಳನ್ನು ಬಿಡಿಸಲು ಸುಮಾರು 1,600 ವಾಲ್ವುಗಳ ಯಂತ್ರ ಕಟ್ಟುತ್ತೇನೆಂದು ಈತ ಮುಂದೆ ಬಂದಾಗ, ಅಷ್ಟು ವಾಲ್ವುಗಳು ಕೆಡದೆ ನಿಲ್ಲಲಾರವೆಂದು ಪಂಡಿತರು ತಲೆಯಾಡಿಸಿದರು. ಆರಿಸದೆ ಉರಿಯಬಿಟ್ಟರೆ ವಾಲ್ವು ಬಾಳುತ್ತದೆಂಬುದು ಟೆಲಿಫೋನ್ ಕೆಲಸ ಬಲ್ಲವನಿಗೆ ಗೊತ್ತಿತ್ತು. 1944ರ ಆರಂಭದಲ್ಲಿ ಬ್ಲೆಚ್ಲೀ ಪಾರ್ಕಿನಲ್ಲಿ 'ಕೊಲೋಸಸ್' ಓಡಿತು. ಯುದ್ಧ ಮುಗಿಯುವ ಹೊತ್ತಿಗೆ ಅಂಥವು 10. ಸರ್ಕಾರ ಕೊಟ್ಟದ್ದು 1,000 ಪೌಂಡು; ಆತ ಕೈಯಿಂದ ಹಾಕಿದ್ದ ಹಣವೂ ಅದರಲ್ಲಿ ಹುಟ್ಟಲಿಲ್ಲ. ಮೇಲಾಗಿ, 1970ರ ದಶಕದವರೆಗೆ ಬಾಯಿ ಬಿಡುವಂತಿರಲಿಲ್ಲ.

ಸಂಜೆ ತರಗತಿಯ ಫಲ ಉಂಡ ಈ ದೇಶ 2007ರಲ್ಲಿ ಏನು ಮಾಡಿತು? ಒಮ್ಮೆ ಪದವಿ ಪಡೆದವರು ಅದಕ್ಕೆ ಸಮನಾದ ಅಥವಾ ಕೆಳಗಿನ ಮಟ್ಟದ ಓದಿಗೆ ಮತ್ತೆ ಸೇರಿದರೆ ವಿಶ್ವವಿದ್ಯಾನಿಲಯಕ್ಕೆ ಅನುದಾನವಿಲ್ಲವೆಂದು ಸಾರಿತು. ಹಾಗೆ ಹಿಂತೆಗೆದ ಹಣ ವರ್ಷಕ್ಕೆ 10 ಕೋಟಿ ಪೌಂಡು. ಆಗ ಅಲ್ಲಿದ್ದದ್ದು ಲೇಬರ್ ಸರ್ಕಾರ, ಹೆಸರು ಕಾರ್ಮಿಕರದು! ಪೆಟ್ಟು ಬಿದ್ದದ್ದು ಓಪನ್ ಯೂನಿವರ್ಸಿಟಿಗೆ, 1823ರಲ್ಲಿ ಕಸುಬುದಾರರಿಗೆಂದೇ ಹುಟ್ಟಿದ ಬರ್ಕ್‌ಬೆಕ್‌ಗೆ, ಊರೂರಿನ ಮುಂದುವರಿಕೆ ಶಿಕ್ಷಣ ವಿಭಾಗಗಳಿಗೆ.

ಮೊದಲ ಸಲ ಓದುವವರಿಗೆ ಆ ಹಣ ಕೊಡುತ್ತೇವೆಂದರು. ಕೇಳಲು ನ್ಯಾಯವೇ. ಆದರೆ ಮೂವತ್ತು ವರ್ಷದ ಹಿಂದೆ ಚರಿತ್ರೆ ಓದಿ ಪದವಿ ಪಡೆದು, ಈಗ ಕೆಲಸ ಕಳೆದುಕೊಂಡು ಗಣಕಯಂತ್ರ ಕಲಿಯಹೊರಟ ಹೆಂಗಸು ಶ್ರೀಮಂತಳೇ? ಒಬ್ಬರ ತಟ್ಟೆಯ ಅನ್ನ ತೆಗೆದು ಇನ್ನೊಬ್ಬರಿಗೆ ಬಡಿಸುವುದು ಯಾವ ಸಮಾಜವಾದ?

ಈ ವಿದ್ಯೆ ನಮ್ಮ ತಲೆಗೆ ಹತ್ತದೆನ್ನುವುದೂ ಸುಳ್ಳು. ದನದ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನಲ್ಲ, ಅದು ಗುಪ್ತ ಸಂಕೇತವಲ್ಲದೆ ಮತ್ತೇನು? ರೋಮಿನ ಸೀಸರ್ ಪ್ರತಿ ಅಕ್ಷರಕ್ಕೂ ಮೂರು ಮನೆ ಮುಂದಿನ ಅಕ್ಷರ ಬರೆಯುತ್ತಿದ್ದ. 1977ರಲ್ಲಿ ಹೊರಬಂದ ಆರ್‌ಎಸ್‌ಎ ಪದ್ಧತಿಯ ಗುಟ್ಟೂ ಇಷ್ಟೇ: ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವೆರಡನ್ನು ಹುಡುಕಿ ತೆಗೆಯುವುದು ಮಹಾಕಷ್ಟ. ನಾವು ಶಾಲೆಯಲ್ಲಿ ಲೆಕ್ಕ ಕಲಿಸಿದವರು. ಹದಿನಾಲ್ಕರ ಹುಡುಗನಿಗಿಂತ ನಲವತ್ತರ ಅಂಗಡಿಯವನು ಇದನ್ನು ಬೇಗ ಹಿಡಿಯುತ್ತಾನೆ.

ಇಂದು ತರಕಾರಿ ಗಾಡಿಯ ಮೇಲೂ ಫೋನಿನಿಂದ ಹಣ ಕೊಡುವ ಚೌಕಳಿ ಚೀಟಿ ಅಂಟಿದೆ. ಆ ಹಣವನ್ನು ಕಾಯುವುದು ಇದೇ ಗುಪ್ತಲಿಪಿ. ಒಟಿಪಿ ಹೇಳಿ ಸಂಬಳ ಕಳೆದುಕೊಂಡ ಕೂಲಿಯವನನ್ನು ದಡ್ಡನೆಂದು ಗದರಿಸುವ ಅಧಿಕಾರಿಗಳೇ, ಅವನಿಗೆ ಕಲಿಸಲು ಯಾವ ತರಗತಿ ತೆರೆದಿರಿ?

ನಾವು ಕೇಳುವುದು: ಜಿಲ್ಲಾ ಕೇಂದ್ರದಲ್ಲಿ, ಕನ್ನಡದಲ್ಲಿ, ಪಾಳಿ ಮುಗಿದ ಮೇಲೆ ವಿಶ್ವವಿದ್ಯಾನಿಲಯದ ತರಗತಿ. ಸಂಜೆ ಆರಕ್ಕೆ ಬೀಗ ಬೀಳುವ ಕಾಲೇಜು ಕಟ್ಟಡಗಳಿಗೇನು ಕೊರತೆ? ಅರ್ಜಿ ಪಕ್ಷದ ಕಚೇರಿಯಲ್ಲಿದೆ. ಮಿಲ್ಲಿನ ಬಂಧುಗಳೂ ಅಂಗಡಿಯವರೂ ರಾತ್ರಿ ಎಂಟರೊಳಗೆ ಬಂದು ಸಹಿ ಹಾಕಬೇಕು.