ನಮ್ಮ ತಟ್ಟೆಗೆ ಶಾಂತಿಪಾಠ ಬೇಡ

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಈಗ ಯಾವ ರೀಲ್ಸ್ ತೆಗೆದರೂ ಒಂದೇ ಉಪದೇಶ. ಊಟದ ಜೊತೆ ಶಾಂತಿ ಮಾಡ್ಕೊಳ್ಳಿ, ನಿಮ್ಮ ದೇಹನ ಪ್ರೀತಿಸಿ, ಸಾತ್ವಿಕವಾಗಿ ತಿನ್ನಿ. ಶಾಂತಿಗ್ರಾಮ ಹೋಬಳಿಯ ಕೇರಿಯಲ್ಲಿ ಕೂತು ಇದನ್ನ ಕೇಳೋನಿಗೆ ಒಂದೇ ಪ್ರಶ್ನೆ: ಯುದ್ಧ ಶುರು ಮಾಡಿದ್ದು ಯಾರು ಸ್ವಾಮಿ? ನಮ್ಮವ್ವನಿಗೆ ಊಟದ ಮೇಲೆ ಯಾವ ಜಗಳನೂ ಇರಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು, ಸಿಕ್ಕಿದ ದಿನ ಬೋಟಿ, ಲಾಕಿ, ಬಿಸಿಲಿಗೆ ಒಣಗಿಸಿದ ಕೊರಬಾಡು. "ಇದನ್ನೆಲ್ಲಾ ತಿಂತೀರಾ? ಥೂ" ಅನ್ನೋ ಮಾತು ಬಂದದ್ದು ಹೊರಗಿಂದ. ಹಾಸನದಲ್ಲಿ ಬಾಡಿಗೆ ರೂಮು ಹುಡುಕುವಾಗ "ನೀವು ಯಾವ ಜನ" ಅಂತ ನನ್ನನ್ನ ಯಾರೂ ನೇರವಾಗಿ ಕೇಳಲಿಲ್ಲ. "ನಾನ್‌ವೆಜ್ಜಾ?" ಅಂದರು. ಹೌದು ಅಂದರೆ ಎರಡನೇ ಪ್ರಶ್ನೆ, "ಕೋಳಿ ಕುರಿ ಮಾತ್ರ ತಾನೆ?" ಜಾತಿ ಇರೋದು ಆ ಎರಡನೇ ಪ್ರಶ್ನೆಯಲ್ಲಿ. ಮಾಂಸಾಹಾರ ವರ್ಸಸ್ ಸಸ್ಯಾಹಾರ ಅಂತ ಟಿವಿಯಲ್ಲಿ ಕೂಗಾಡೋರಿಗೆ ನಮ್ಮ ಜಿಲ್ಲೆ ಗೊತ್ತಿಲ್ಲ. ಇಲ್ಲಿ ಗೌಡರ ಮನೆಯ ಬಾಡೂಟ ಗತ್ತು, ಅದೇ ಬಾಡು ನಮ್ಮ ಮನೆಯಲ್ಲಿ ಬೆಂದರೆ ವಾಸನೆ.

2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ನಮ್ಮ ರಾಜ್ಯ ತಯಾರಿಸಿದ ಆರೋಗ್ಯದ ಪೊಸಿಷನ್ ಪೇಪರ್ ನೆನಪಿದೆಯಾ? ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯರೊಬ್ಬರ ಅಧ್ಯಕ್ಷತೆಯ ಸಮಿತಿ ಅದು. ಭಾರತೀಯರದ್ದು ಚಿಕ್ಕ ಮೈಕಟ್ಟು, ಮೊಟ್ಟೆ ಮಾಂಸ ನಿಯಮಿತವಾಗಿ ತಿಂದರೆ ಜೀವನಶೈಲಿಯ ರೋಗ ಬರುತ್ತೆ ಅಂತ ಬರೆದರು. ಮೈಕಟ್ಟು ಚಿಕ್ಕದಾದದ್ದು ಯಾಕೆ ಅಂತ ಮಾತ್ರ ಕೇಳಲಿಲ್ಲ. 2019–20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 5 ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ, ಹಿಂದಿನ ಸಮೀಕ್ಷೆಗಿಂತ ಜಾಸ್ತಿ. ಹಸಿದು ಕುಗ್ಗಿದ ಮೈಯನ್ನೇ ಸಾಕ್ಷಿಗೆ ಕರೆದು, ಆ ಮೈಗೆ ಮೊಟ್ಟೆ ಬೇಡ ಅಂತ ತೀರ್ಪು ಕೊಟ್ಟಂಗಾಯ್ತು. ಇದಕ್ಕೆ ವಿಜ್ಞಾನ ಅಂತ ಹೆಸರು ಬೇರೆ.

ಶಾಲೆಗೆ ಮೊಟ್ಟೆ ಸುಮ್ಮನೆ ಬರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾದಾಗ ಮಠಗಳು ಎದ್ದು ನಿಂತವು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಕೊಟ್ಟ ಮೇಲೆ ವಾರಕ್ಕೆ ಆರು ದಿನ ಆಯ್ತು. 2025ರಲ್ಲಿ ಮಂಡ್ಯದ ಆಲಕೆರೆಯಲ್ಲಿ, ದೇವಸ್ಥಾನದ ಹತ್ತಿರದ ಶಾಲೆಯಲ್ಲಿ ಮೊಟ್ಟೆ ಬೇಯಿಸ್ತಾರೆ ಅಂತ ಮಕ್ಕಳ ಟಿಸಿ ತೆಗೆಸಿದರು. ಬೇಡದೋರಿಗೆ ಬಾಳೆಹಣ್ಣು ಇದ್ದೇ ಇತ್ತು. ತಮ್ಮ ಮಗು ತಿನ್ನೋದು ಬಿಡೋದು ಅವರ ಇಷ್ಟ, ಅದಕ್ಕೆ ನಮ್ಮ ತಕರಾರಿಲ್ಲ. ಪಕ್ಕದ ಮಗು ತಿನ್ನಬಾರದು ಅನ್ನೋದಕ್ಕೆ ತಕರಾರು. ಅದೇ ಮಂಡ್ಯದಲ್ಲಿ 2024ರ ಸಾಹಿತ್ಯ ಸಮ್ಮೇಳನದ ಮಳಿಗೆ ನಿಯಮದಲ್ಲಿ ಮಾಂಸಾಹಾರ, ಮದ್ಯ, ತಂಬಾಕು ಮೂರನ್ನೂ ಒಟ್ಟಿಗೇ ನಿಷೇಧಿಸಿದ್ದರು. ನಮ್ಮವ್ವ ಮಾಡಿದ ಸಾರು ಬೀಡಿ, ಬ್ರಾಂದಿಗೆ ಸಮ! ಇನ್ನು 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ. ಬಡವರಿಗೆ ಕೈಗೆಟುಕುತ್ತಿದ್ದ ಮಾಂಸಕ್ಕೆ 3ರಿಂದ 7 ವರ್ಷ ಜೈಲು ಇಟ್ಟ ಕಾನೂನು.

ಶಾಂತಿಗ್ರಾಮದ ಹೆಸರು ಶಾಂತಲೆಯಿಂದ ಬಂತು ಅಂತಾರೆ. ಆಕೆ ಬಸದಿ ಕಟ್ಟಿಸಿದ ಶ್ರವಣಬೆಳಗೊಳ ಪಕ್ಕದ ತಾಲೂಕೇ. ಅಲ್ಲಿ ಚಂದ್ರಗಿರಿಯ ಬಂಡೆಗಳ ಮೇಲೆ ಅನ್ನ ನೀರು ಬಿಟ್ಟು ಪ್ರಾಣ ಕೊಟ್ಟವರ ಶಾಸನಗಳಿವೆ, ಸಾವಿರ ವರ್ಷಕ್ಕೂ ಹಳೇವು. ಗೌರವ ಇದೆ. ಉಪವಾಸ ಸತ್ತವರನ್ನ ಕಲ್ಲಿನ ಮೇಲೆ ಬರೆದಿಟ್ಟ ಈ ಸೀಮೆಗೆ, ತಿಂದು ಬದುಕೋರನ್ನ ಕಂಡರೆ ಯಾಕಷ್ಟು ಸಂಕಟ?

ಈಗ ನಮ್ಮೋರಿಗೆ ಎರಡು ಮಾತು. ಬೇಜಾರು ಮಾಡ್ಕೊಬೇಡಿ, ಮಾಡ್ಕೊಂಡ್ರೂ ಪರವಾಗಿಲ್ಲ. ಆಹಾರ ನಮ್ಮ ಹಕ್ಕು ಅಂತ ಹಾಸನದ ಡಿಸಿ ಆಫೀಸಿನ ಮುಂದೆ ಕೂಗಿ ಮನೆಗೆ ಬರ್ತೀವಿ. ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ತಳದಲ್ಲಿ ಉಳಿದ ಸಾರಿಗೆ ನೀರು ಬೆರೆಸ್ಕೊಂಡು ಅವ್ವ, ಹೆಂಡತಿ. ಈರುಳ್ಳಿ ಹೆಚ್ಚಿ, ಮಸಾಲೆ ಅರೆದವಳ ತಟ್ಟೆಗೆ ಮೂಳೆ. ಆ 47.8ರಲ್ಲಿ ಅವಳೂ ಇದ್ದಾಳೆ ಕಣ್ರಪ್ಪ. ಇದನ್ನ ಯಾವ ಮಠ ಬಂದು ಮಾಡಲಿಲ್ಲ. ಇನ್ನು ಕಾಲೇಜಿಗೆ ಹೋಗೋ ನಮ್ಮ ಹೆಣ್ಣುಮಕ್ಕಳು. ಕಪ್ಪು ಅಂತ ಕ್ರೀಮು, ದಪ್ಪ ಅಂತ ಮಧ್ಯಾಹ್ನದ ಊಟ ಬಿಡೋದು, ಹಾಸ್ಟೆಲ್‌ನಲ್ಲಿ ತಲೆಸುತ್ತಿ ಬೀಳೋದು. ಅವರಿಗೆ ಬಯ್ಯೋಕೆ ನನಗೆ ಬಾಯಿ ಬರಲ್ಲ. ನಿನ್ನ ಊಟ ಅಸಹ್ಯ, ನಿನ್ನ ಬಣ್ಣ ಅಸಹ್ಯ ಅಂತ ಹುಟ್ಟಿದಾಗಿಂದ ಕೇಳಿಸ್ಕೊಂಡ ಮಗು ಕನ್ನಡಿ ಮುಂದೆ ನಿಂತು ಇನ್ನೇನು ನೋಡುತ್ತೆ? ಅವಳಿಗೆ ಡಯಟ್ ಚಾರ್ಟ್ ಕಳಿಸೋ ಬದಲು ಊಟ ಆಯ್ತಾ ಅಂತ ಫೋನ್ ಮಾಡಿ. ಮನೆಗೆ ಬಂದಾಗ ಅವಳ ಮೈ ಬಗ್ಗೆ ಕಾಮೆಂಟು ಹೊಡೆಯೋ ಚಿಕ್ಕಪ್ಪನ ಬಾಯಿ ಮುಚ್ಚಿಸಿ.

ಒಂದು ಕೆಲಸ ಇದೆ. ಮುಂದಿನ ಎಸ್‌ಡಿಎಂಸಿ ಸಭೆಗೆ ನಿಮ್ಮೂರ ಶಾಲೆಗೆ ಹೋಗಿ. ಎಷ್ಟು ಮಕ್ಕಳಿಗೆ ಮೊಟ್ಟೆ, ಎಷ್ಟು ಮಕ್ಕಳಿಗೆ ಬಾಳೆಹಣ್ಣು, ಲೆಕ್ಕ ಕೇಳಿ. ಬಾಳೆಹಣ್ಣು ಅಂತ ಬರೆಸಿದ್ದು ಮಗುವಾ, ಮೇಷ್ಟ್ರಾ, ಅದನ್ನೂ ಕೇಳಿ. ಹೆಂಗಸರನ್ನ ಕರ್ಕೊಂಡು ಹೋಗಿ, ಅವರೇ ಮಾತಾಡಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದೋರು ಏನು ಉತ್ತರ ಬಂತು ಅಂತ ನನಗೆ ತಿಳಿಸಿ. ಎಲ್ಲಾ ಸೇರಿಸಿ ಬಿಇಓ ಕಚೇರಿಗೆ ಹೋಗೋಣ.